ಅದು ಗ್ಯಾಸ್ ಅಲ್ಲ, ಗಾಯ

ಈ ವಾರ ತೆಂಗಿನ ಬುಡಕ್ಕೆ ಮುಚ್ಚಿಗೆ ಹಾಕೋ ವಿಷಯ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ಬೇರೆ ವಿಷಯ, ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ಶುಕ್ರವಾರ ನಮ್ಮ ಪಕ್ಕದ ಹೊಲದಲ್ಲಿ ರಾಗಿ ಕೊಯ್ಲು ನಡೀತಿತ್ತು. ಹತ್ತು ಹನ್ನೆರಡು ಜನ ಹೆಂಗಸರು, ಮೂರು ಜನ ಗಂಡಸರು. ಹನ್ನೊಂದು ಗಂಟೆಗೆ ಟೀ ಬಂತು. ಟೀ ಜೊತೆಗೆ ಒಂದು ಕವರ್ ಬಂತು. ಹೊಲದ ಯಜಮಾನ ಬಿಸ್ಕತ್ ಹಂಚಿದ ಹಾಗೆ ಒಬ್ಬೊಬ್ಬರ ಕೈಗೂ ಒಂದೊಂದು ಸೊಂಟನೋವಿನ ಮಾತ್ರೆ ಹಾಕ್ತಾ ಹೋದ. ಯಾರೂ ಏನೂ ಕೇಳಲಿಲ್ಲ. ಟೀ ಕುಡಿದು, ಮಾತ್ರೆ ನುಂಗಿ, ಸೆರಗು ಕಟ್ಟಿಕೊಂಡು ಮತ್ತೆ ಕುಡುಗೋಲು ಹಿಡಿದರು.

ನೋಡಿ ನನಗೆ ಮೈ ಉರಿದು ಹೋಯ್ತು. ಅವನ ಮೇಲಿನ ಸಿಟ್ಟಿಗಲ್ಲ. ಎರಡು ವರ್ಷದ ಹಿಂದೆ ಇದೇ ಬದುವಿನ ಮೇಲೆ ಅಂಥದ್ದೇ ಕವರ್ ಹಿಡಿದುಕೊಂಡು ನಿಂತಿದ್ದವನು ನಾನು. ಅವತ್ತು ನಾನೂ ಒಂದು ನುಂಗಿದ್ದೆ. ಅದಾದ ಒಂಬತ್ತನೇ ದಿನ ಆಸ್ಪತ್ರೆ ಮಂಚದ ಮೇಲೆ ಬೇರೆಯವರ ರಕ್ತ ಹಾಕಿಸಿಕೊಂಡು ಮಲಗಿದ್ದೆ.

ಅದಕ್ಕೇ ಇವತ್ತು ಹೊಟ್ಟೆ ಹುಣ್ಣಿನ ಬಗ್ಗೆ ಬರೀತಿದೀನಿ. ನಾನು ಡಾಕ್ಟ್ರಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ರೈತ. ಆದರೆ ನನ್ನ ಹೊಟ್ಟೆಯಲ್ಲಿ ಆಗಿದ್ದನ್ನ ಡಾಕ್ಟ್ರ ಹತ್ತಿರ ಕೂತು ಕೇಳಿ, ಓದಿ, ಮತ್ತೆ ಕೇಳಿ ತಿಳ್ಕೊಂಡಿದೀನಿ. ತಿಳ್ಕೊಂಡ ಮೇಲೆ ಸುಮ್ಮನಿರೋಕೆ ಆಗ್ತಿಲ್ಲ.

ನನ್ನ ಕಥೆ

ನಮ್ಮದು ಎರಡೂವರೆ ಎಕರೆ. ಅರ್ಧ ತೆಂಗು, ಅರ್ಧ ರಾಗಿ, ಹುರುಳಿ. ಔಷಧಿ ಹೊಡೆಯೋ ಹದಿನಾರು ಲೀಟರ್ ಕ್ಯಾನ್ ಬೆನ್ನಿಗೆ ಹಾಕಿ ಹಾಕಿ, ಕೊಬ್ಬರಿ ಮೂಟೆ ಎತ್ತಿ ಎತ್ತಿ ಐದಾರು ವರ್ಷದಿಂದ ಸೊಂಟ ಹಿಡಿದುಕೊಂಡಿತ್ತು. ಹೋಬಳಿಯ ಮೆಡಿಕಲ್ ಅಂಗಡಿಗೆ ಹೋಗಿ "ಸೊಂಟಕ್ಕೆ ಕೊಡಪ್ಪ" ಅಂದ್ರೆ ಸಾಕು, ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಡ್ತಿದ್ರು. ಜೊತೆಗೆ "ಗ್ಯಾಸ್ ಆಗದಂಗೆ ಇದನ್ನೂ ತಗೊಳ್ಳಿ" ಅಂತ ಇನ್ನೊಂದು. ಚೀಟಿ ಇಲ್ಲ, ಬಿಲ್ ಇಲ್ಲ, ಕತ್ತರಿಸಿದ ತುಂಡಿನ ಮೇಲೆ ಹೆಸರೂ ಪೂರ್ತಿ ಇರ್ತಿರಲಿಲ್ಲ. ನೋವಿನ ಮಾತ್ರೆ ತಪ್ಪದೆ ನುಂಗ್ತಿದ್ದೆ. ಗ್ಯಾಸಿನ ಮಾತ್ರೆ ನೆನಪಾದಾಗ ನುಂಗ್ತಿದ್ದೆ.

ಎದೆಗುಂಡಿಗೆಯ ಕೆಳಗೆ ಉರಿ ಶುರುವಾಗಿ ಒಂದು ವರ್ಷ ಆಗಿತ್ತು. ಸರಿರಾತ್ರಿಯಲ್ಲಿ ಎಬ್ಬಿಸೋದು. ಎದ್ದು ಒಂದು ಮುದ್ದೆ ಚೂರೋ ಎರಡು ಬಿಸ್ಕತ್ತೋ ತಿಂದ್ರೆ ತಣ್ಣಗಾಗೋದು. "ಗ್ಯಾಸು" ಅಂದೆ ನಾನು. "ಗ್ಯಾಸು" ಅಂದಳು ಹೆಂಡತಿ. ಅರಳಿಕಟ್ಟೆ ಮೇಲೆ ಕೂತವರೆಲ್ಲ "ವಯಸ್ಸಾಯ್ತಲ್ಲ, ಗ್ಯಾಸೇ" ಅಂದರು. ಒಬ್ಬ ಸೋಡಾ ಹೇಳಿದ, ಒಬ್ಬ ಜೀರಿಗೆ ನೀರು ಹೇಳಿದ, ಇನ್ನೊಬ್ಬ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಣ್ಣನೆ ಹಾಲು ಹೇಳಿದ. ಎಲ್ಲಾ ಮಾಡಿದೆ.

ಒಂದು ದಿನ ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋಯ್ತು, ಕೆಟ್ಟ ವಾಸನೆ. ಹಿಂದಿನ ದಿನ ತಿಂದಿದ್ದು ಏನೋ ಇರಬೇಕು ಅಂದ್ಕೊಂಡೆ. ಮಾರನೇ ದಿನವೂ ಹಾಗೇ. ಮೂರನೇ ದಿನ ತೋಟದಲ್ಲಿ ಮೋಟಾರ್ ಆನ್ ಮಾಡೋಕೆ ಹೋದವನಿಗೆ ಕಣ್ಣು ಕತ್ತಲೆ ಬಂದು ಬದುವಿನ ಮೇಲೆ ಕುಸಿದೆ. ಪಕ್ಕದ ತೋಟದ ಹುಡುಗ ನೋಡಿದ್ದಕ್ಕೆ ಬದುಕಿದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹದಿಮೂರು ಹದಿನಾಲ್ಕು ಇರಬೇಕಾದ ಹಿಮೋಗ್ಲೋಬಿನ್ ಆರು ಇತ್ತು.

ಅಲ್ಲಿದ್ದ ಡಾಕ್ಟರ್ ಮೇಡಂ ಕೇಳಿದ ಮೊದಲ ಪ್ರಶ್ನೆ: "ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?"

"ಇಲ್ಲ ಮೇಡಂ, ನನಗೆ ಬಿಪಿ ಶುಗರ್ ಏನೂ ಇಲ್ಲ" ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನೋವಿನ ಮಾತ್ರೆ ನಮ್ಮ ಲೆಕ್ಕದಲ್ಲಿ ಮಾತ್ರೆನೇ ಅಲ್ಲ. ಅದು ಎಲೆ ಅಡಿಕೆ ಇದ್ದ ಹಾಗೆ. ಹೆಂಡತಿ ಪರ್ಸಿನಿಂದ ಕತ್ತರಿಸಿದ ತುಂಡು ತೆಗೆದು ತೋರಿಸಿದಾಗ ಮೇಡಂ ಅದನ್ನ ತಿರುಗಿಸಿ ನೋಡಿ, "ಇದು ಡೈಕ್ಲೋಫೆನಾಕ್. ಎಷ್ಟು ವರ್ಷದಿಂದ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ.

ಕೆರೆ ಏರಿಯ ಲೆಕ್ಕ

ಬಾಯಿಂದ ಕ್ಯಾಮೆರಾ ಇರೋ ಸಣ್ಣ ಪೈಪ್ ಬಿಟ್ಟು ನೋಡಿದರು. ಅದಕ್ಕೆ ಎಂಡೋಸ್ಕೋಪಿ ಅಂತಾರೆ. ಹೆದರ್ಕೋಬೇಡಿ, ಗಂಟಲಿಗೆ ಮರಗಟ್ಟೋ ಔಷಧಿ ಹೊಡೀತಾರೆ, ಬರೀ ನೋಡೋದಾದ್ರೆ ಹತ್ತು ನಿಮಿಷದ ಕೆಲಸ, ಓಕರಿಕೆ ಬರುತ್ತೆ ಅಷ್ಟೆ. ಜಠರ ದಾಟಿದ ತಕ್ಷಣ ಸಿಗೋ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಗಾಯ ಇತ್ತು, ರಕ್ತ ಒಸರ್ತಿತ್ತು. ಅದೇ ಪೈಪಿನ ಮೂಲಕ ಅಲ್ಲೇ ಔಷಧಿ ಚುಚ್ಚಿ, ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಒಂದು ಚೂರು ಮಾಂಸ ಪರೀಕ್ಷೆಗೆ ತೆಗೆದರು.

ಈ ಗಾಯ ಯಾಕಾಗುತ್ತೆ ಅನ್ನೋದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ನಮ್ಮ ಹೊಟ್ಟೆಯೊಳಗೆ ದಿನಾ ಹುಟ್ಟೋದು ಹೈಡ್ರೋಕ್ಲೋರಿಕ್ ಆಸಿಡ್. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಮುಟ್ಟಬೇಡ್ರೋ ಅಂತ ದೂರದಿಂದ ತೋರಿಸ್ತಿದ್ದರಲ್ಲ, ಅದೇ. ತಿಂದ ಮಾಂಸವನ್ನೇ ಕರಗಿಸೋ ನೀರು ಹೊಟ್ಟೆಯನ್ನ ಯಾಕೆ ಕರಗಿಸಲ್ಲ? ಒಳಗೋಡೆಗೆ ಲೋಳೆಯ ಪದರ ಇದೆ. ಗೋಡೆಯನ್ನ ದಿನಾ ರಿಪೇರಿ ಮಾಡೋಕೆ ರಕ್ತ ಹರೀತಾ ಇರುತ್ತೆ. ಕೆರೆಗೆ ಏರಿ ಇದ್ದ ಹಾಗೆ. ಏರಿ ಗಟ್ಟಿ ಇರೋವರೆಗೂ ಕೆರೆ ತುಂಬಿದರೂ ಊರಿಗೆ ತೊಂದರೆ ಇಲ್ಲ. ಹಳೇ ಕಾಲದಲ್ಲಿ ಏರಿ ನೋಡಿಕೊಳ್ಳೋಕೆ ನೀರಗಂಟಿ ಇರ್ತಿದ್ದ. ಎಲ್ಲಿ ಮಣ್ಣು ಜರಿದಿದೆ, ಎಲ್ಲಿ ಹೆಗ್ಗಣ ಬಿಲ ತೋಡಿದೆ, ದಿನಾ ನೋಡಿ ಮುಚ್ಚೋನು.

ಹೊಟ್ಟೆಯ ನೀರಗಂಟಿಗೆ ಪ್ರೊಸ್ಟಾಗ್ಲಾಂಡಿನ್ ಅಂತ ಹೆಸರು. ಲೋಳೆ ಸುರಿಸೋದು, ಗೋಡೆಗೆ ರಕ್ತ ಹರಿಸೋದು ಅವನ ಉಸ್ತುವಾರಿ. ಈಗ ಕೇಳಿ. ಸೊಂಟದಲ್ಲಿ ನೋವು, ಊತ ಜಾಸ್ತಿ ಮಾಡೋದೂ ಇದೇ ಜಾತಿಯ ವಸ್ತುವೇ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್, ಆಸ್ಪಿರಿನ್ ಥರದ ಮಾತ್ರೆಗಳು ಅದು ತಯಾರಾಗೋದನ್ನೇ ನಿಲ್ಲಿಸ್ತವೆ. ಸೊಂಟದಲ್ಲಿ ನಿಲ್ಲಿಸಿದಾಗ ನೋವು ಹೋಗುತ್ತೆ. ಹೊಟ್ಟೆಯಲ್ಲಿ ನಿಲ್ಲಿಸಿದಾಗ ನೀರಗಂಟಿ ಮನೆಗೆ ಹೋಗ್ತಾನೆ. ಮಾತ್ರೆಗೆ ಸೊಂಟ ಯಾವುದು ಹೊಟ್ಟೆ ಯಾವುದು ಅಂತ ಗೊತ್ತಾಗಲ್ಲ.

ಎರಡನೇ ಕಾರಣ ಹೆಗ್ಗಣ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಅಷ್ಟು ಆಸಿಡ್‌ನಲ್ಲಿ ಅದು ಹೇಗೆ ಬದುಕುತ್ತೆ ಅಂದರೆ, ಯೂರಿಯಾವನ್ನ ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲೂ ಆಸಿಡ್ ಸಾಯಿಸಿಕೊಳ್ಳುತ್ತೆ. ಹಸಿ ನೆಲದ ಮೇಲೆ ಯೂರಿಯಾ ಎರಚಿ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗಿ ದುಡ್ಡು ದಂಡ ಆಗುತ್ತಲ್ಲ, ಅದೇ ಕೆಲಸ. ಲೋಳೆಯೊಳಗೆ ಕೊರೆದುಕೊಂಡು ಹೋಗಿ ಗೋಡೆಗೆ ಅಂಟಿಕೊಂಡು ವರ್ಷಾನುಗಟ್ಟಲೆ ಕೂರುತ್ತೆ. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿದೆ. ಹೆಚ್ಚಿನವರಿಗೆ ಚಿಕ್ಕ ವಯಸ್ಸಿನಲ್ಲೇ, ಮನೆಯವರಿಂದಲೇ, ಕೈ ಬಾಯಿ ನೀರಿನ ಅಶುಚಿಯಿಂದ ಬಂದಿರುತ್ತೆ. ಇದ್ದವರಿಗೆಲ್ಲ ಹುಣ್ಣಾಗಲ್ಲ. ಆದರೆ ಹುಣ್ಣಾದವರಲ್ಲಿ ಇದನ್ನ ಹುಡುಕದೇ ಬಿಡೋದು ತಪ್ಪು.

ನನ್ನ ಹೊಟ್ಟೆಯಲ್ಲಿ ಎರಡೂ ಇದ್ದವು. ಹೆಗ್ಗಣ ಮೊದಲಿಂದ ಕೊರೀತಿತ್ತು, ನೀರಗಂಟಿಯನ್ನ ನಾನೇ ನಾಲ್ಕು ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದೆ.

ಗ್ಯಾಸಿನ ಮಾತ್ರೆ ಅಂತೀವಲ್ಲ, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಅದು ಗ್ಯಾಸಿನ ಮಾತ್ರೆನೇ ಅಲ್ಲ. ಅದು ಆಸಿಡ್ ಕಮ್ಮಿ ಮಾಡುತ್ತೆ. ಕೆರೆಯ ನೀರು ಇಳಿಸಿದ ಹಾಗೆ. ನೀರು ಇಳಿದಾಗ ಏರಿ ರಿಪೇರಿ ಆಗೋಕೆ ಸಮಯ ಸಿಗುತ್ತೆ, ಗಾಯ ವಾಸಿ ಆಗುತ್ತೆ. ಬಹಳ ಒಳ್ಳೆ ಔಷಧಿ, ನನ್ನ ಜೀವ ಉಳಿಸಿದ್ದರಲ್ಲಿ ಅದರ ಪಾಲೂ ಇದೆ. ಕೆಲವರಿಗೆ ಡಾಕ್ಟರು ವರ್ಷಗಟ್ಟಲೆ ಕೊಡಬೇಕಾಗುತ್ತೆ, ಅದಕ್ಕೆ ಕಾರಣ ಇರುತ್ತೆ. ಆದರೆ ಹೆಗ್ಗಣ ಹಾಗೇ ಇದ್ದು, ನೀರಗಂಟಿ ವಾಪಸ್ ಬರದೆ ಇದ್ದರೆ ನೀರು ತುಂಬಿದ ದಿನ ಮತ್ತೆ ಅದೇ ಕಥೆ.

ಅದಕ್ಕೇ ನನ್ನ ಜಗಳ ಆ ಮಾತ್ರೆ ಮೇಲಲ್ಲ, "ಗ್ಯಾಸ್" ಅನ್ನೋ ಪದದ ಮೇಲೆ. ಎದೆ ಉರಿದರೂ ಗ್ಯಾಸ್, ಹೊಟ್ಟೆ ನೋವಾದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್, ಹಾರ್ಟ್ ಅಟ್ಯಾಕ್ ಆದರೂ ಗ್ಯಾಸ್ ಅಂತ ಮಲಗಿಸಿ ಸಾಯಿಸ್ತೀವಿ. ಗ್ಯಾಸ್ ಅಂದ್ರೆ ಒಂದು ತೇಗು ಬಂದರೆ ಹೋಗುತ್ತೆ ಅಂತ ಧೈರ್ಯ. ಗಾಯ ಅಂದಿದ್ದರೆ? ಕಾಲಿಗೆ ಗುದ್ದಲಿ ತಾಗಿ ಗಾಯ ಆಗಿ ಒಂದು ವರ್ಷ ವಾಸಿ ಆಗದೆ ಇದ್ದಿದ್ದರೆ ನಾನು ಸುಮ್ಮನೆ ಕೂರ್ತಿದ್ನಾ? ತೆಂಗಿನ ಕಾಂಡದಲ್ಲಿ ಕೆಂಪು ರಸ ಸೋರಿದರೆ ಅದರ ಮೇಲೆ ಮಣ್ಣು ಮೆತ್ತಿ ಸುಮ್ಮನಾಗ್ತೀವಾ? ಕೊಳೆತ ಭಾಗ ಕೆತ್ತಿ, ಬೋರ್ಡೋ ಮುಲಾಮು ಹಚ್ಚಿ, ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡ್ತೀವಿ. ಮರಕ್ಕೆ ಮಾಡೋ ಅಷ್ಟನ್ನ ನಮಗೆ ನಾವು ಮಾಡಿಕೊಳ್ಳಲ್ಲ.

ಕಟ್ಟೆ ಮೇಲಿನ ಮಾತುಗಳಿಗೆ ಉತ್ತರ

"ಖಾರ ತಿಂದು ಆಯ್ತು." ಖಾರ ತಿಂದರೆ ಇರೋ ಉರಿ ಜಾಸ್ತಿ ಅನ್ನಿಸಬಹುದು. ಖಾರವೇ ಗಾಯ ಮಾಡಲ್ಲ. ನಾನು ಒಂದು ವರ್ಷ ಮೆಣಸಿನಕಾಯಿ ಬಿಟ್ಟು ಸಪ್ಪೆ ಸಾರು ತಿಂದೆ, ಮಾತ್ರೆ ಬಿಡಲಿಲ್ಲ.

"ಟೆನ್ಷನ್ನಿಂದ ಆಯ್ತು." ಟೆನ್ಷನ್ ಯಾವ ರೈತನಿಗೆ ಇಲ್ಲ? ಟೆನ್ಷನ್ ಅಂದ್ಬಿಟ್ಟರೆ ತಪ್ಪು ನಮ್ಮ ತಲೆದು ಅಂತಾಗುತ್ತೆ, ಬ್ಯಾಕ್ಟೀರಿಯಾ ಹುಡುಕೋ ಕೆಲಸ ಯಾರಿಗೂ ಇರಲ್ಲ.

"ಹಾಲು ಕುಡಿದರೆ ಸರಿಹೋಗುತ್ತೆ." ಕುಡಿದ ತಕ್ಷಣ ತಣ್ಣಗಾಗುತ್ತೆ ನಿಜ. ಆಮೇಲೆ ಹಾಲೇ ಇನ್ನಷ್ಟು ಆಸಿಡ್ ಹುಟ್ಟಿಸುತ್ತೆ.

"ಊಟ ಮಾಡಿ ನುಂಗಿದರೆ ಏನೂ ಆಗಲ್ಲ." ಆಗುತ್ತೆ. ಹೊಟ್ಟೆ ಉರಿ ಸ್ವಲ್ಪ ಕಮ್ಮಿ ಅನ್ನಿಸಬಹುದು. ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ನೀರಗಂಟಿಯನ್ನ ಮನೆಗೆ ಕಳಿಸುತ್ತೆ.

"ಸೂಜಿ ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆ ಇಲ್ಲ." ಇದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಕೂಡ ರಕ್ತದ ಮೂಲಕ ಹೊಟ್ಟೆಗೇ ಬರುತ್ತೆ.

"ನೋವಿಲ್ಲ, ಹಾಗಾಗಿ ಹುಣ್ಣಿಲ್ಲ." ನೋವಿನ ಮಾತ್ರೆ ತಿನ್ನೋರಲ್ಲಿ ಎಷ್ಟೋ ಜನಕ್ಕೆ ರಕ್ತ ಹೋಗೋವರೆಗೂ ಹೊಟ್ಟೆ ನೋವೇ ಬರಲ್ಲ.

ಕುಡಿದು ತೋರಿಸಿದ ಡಾಕ್ಟ್ರು

ನಮ್ಮನ್ನ ಬಿಡಿ, ಬಹಳ ಕಾಲ ಡಾಕ್ಟರುಗಳೇ ಖಾರ, ಟೆನ್ಷನ್ ಅಂತಿದ್ದರು. ನಮ್ಮ ದಕ್ಷಿಣದ ಕಡೆ ಈ ಹುಣ್ಣು ಜಾಸ್ತಿ ಅನ್ನೋದು ಹಳೇ ಡಾಕ್ಟರುಗಳಿಗೆ ಗೊತ್ತಿತ್ತು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದ ಫ್ರಾಂಕ್ ಟೋವಿ ಅನ್ನೋರು ಭಾರತ, ಬಾಂಗ್ಲಾದೇಶದ ಹುಣ್ಣುಗಳ ಬಗ್ಗೆ 1979ರಲ್ಲಿ ಲೇಖನ ಬರೆದರು. ಅಕ್ಕಿ ಉಣ್ಣೋ ಕಡೆ ಜಾಸ್ತಿ, ಗೋಧಿ ಉಣ್ಣೋ ಉತ್ತರದ ಕಡೆ ಕಮ್ಮಿ ಅನ್ನೋದನ್ನ ಅವರು ಗಮನಿಸಿದ್ದರು. ಆ ಕಾಲದಲ್ಲಿ ದೊಡ್ಡ ಚಿಕಿತ್ಸೆ ಅಂದರೆ ಹೊಟ್ಟೆ ಕುಯ್ಯೋದೇ. ಆಸಿಡ್ ಹುಟ್ಟಿಸೋ ನರ ಕತ್ತರಿಸೋದು, ಜಠರದ ಒಂದು ಭಾಗ ತೆಗೆಯೋದು. ನಮ್ಮ ಸೋದರಮಾವನಿಗೆ ಹೀಗೇ ಆಪರೇಷನ್ ಆಗಿತ್ತು. ಸಾಯೋವರೆಗೂ ಒಂದು ಮುದ್ದೆ ಪೂರ್ತಿ ಉಣ್ಣೋಕೆ ಆಗಲಿಲ್ಲ.

ಅದೇ 1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ರಾಬಿನ್ ವಾರೆನ್ ಅನ್ನೋ ಡಾಕ್ಟರು ಹೊಟ್ಟೆಯ ಚೂರುಗಳಲ್ಲಿ ಸೊಟ್ಟಗಿರೋ ಬ್ಯಾಕ್ಟೀರಿಯಾ ಕಂಡರು. ಆಸಿಡ್‌ನಲ್ಲಿ ಯಾವ ಜೀವಿ ಬದುಕುತ್ತೆ ಅಂತ ಜನ ನಂಬಲಿಲ್ಲ. ಬ್ಯಾರಿ ಮಾರ್ಷಲ್ ಅನ್ನೋ ಹುಡುಗ ಡಾಕ್ಟರು ಜೊತೆಗೆ ಸೇರಿದರು. ಬ್ಯಾಕ್ಟೀರಿಯಾ ಬೆಳೆಸೋಕೆ ನೋಡಿದರೆ ಬೆಳೀತಿರಲಿಲ್ಲ, ಎರಡು ದಿನ ನೋಡಿ ತಟ್ಟೆ ಎಸೀತಿದ್ದರು. 1982ರಲ್ಲಿ ಈಸ್ಟರ್ ರಜೆ ಬಂತು, ತಟ್ಟೆಗಳು ಇನ್ನೂ ಕೆಲವು ದಿನ ಹಾಗೇ ಉಳಿದವು, ಬಂದು ನೋಡಿದರೆ ಬೆಳೆದಿತ್ತು! ಬಿತ್ತನೆ ಮಾಡಿ ಎರಡೇ ದಿನಕ್ಕೆ ಮೊಳಕೆ ಬರಲಿಲ್ಲ ಅಂತ ಹೊಲ ಉಳೋರಿಗೆ ಇದರಲ್ಲಿ ಪಾಠ ಇದೆ.

ಆದರೂ ನಂಬದವರೇ ಜಾಸ್ತಿ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕಲಸಿದ ನೀರನ್ನ ತಾವೇ ಕುಡಿದರು. ಕೆಲವೇ ದಿನಕ್ಕೆ ವಾಂತಿ ಶುರುವಾಯ್ತು. ಎಂಡೋಸ್ಕೋಪಿ ಮಾಡಿ ನೋಡಿದರೆ ಹೊಟ್ಟೆ ಒಳಗೋಡೆ ಊದಿಕೊಂಡಿತ್ತು. ಅವರಿಗೆ ಹುಣ್ಣು ಆಗಲಿಲ್ಲ, ಊತ ಆಯ್ತು. ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು. ಆದರೆ ಹುಣ್ಣಿಗೆ ಮೊದಲು ಬರೋದೇ ಆ ಊತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಹೊಟ್ಟೆ ಕ್ಯಾನ್ಸರಿಗೂ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ.

ನೊಬೆಲ್ ಬಂದು ಇಪ್ಪತ್ತು ವರ್ಷ ಆಯ್ತು. ನಮ್ಮ ಹೋಬಳಿಗೆ ಸುದ್ದಿ ಇನ್ನೂ ಬಂದಿಲ್ಲ. ಇಲ್ಲಿ ಇನ್ನೂ ಗ್ಯಾಸು.

ಹದಿನಾಲ್ಕು ದಿನ

ನನ್ನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಹದಿನಾಲ್ಕು ದಿನದ ಮಾತ್ರೆ ಕೊಟ್ಟರು. ಆಸಿಡ್ ಕಮ್ಮಿ ಮಾಡೋದು ಒಂದು, ಆಂಟಿಬಯಾಟಿಕ್ ಎರಡು, ಬಿಸ್ಮತ್ ಅನ್ನೋದು ಒಂದು. ಆಸಿಡ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು. ನಾನು ಇಷ್ಟು ವರ್ಷ ಊಟ ಆದ ಮೇಲೆ ನುಂಗ್ತಿದ್ದೆ. ಮದ್ಯ ಮುಟ್ಟಬಾರದು, ಬೀಡಿ ಬಿಡಬೇಕು ಅಂದರು. ಬೀಡಿ ಸೇದೋರ ಹುಣ್ಣು ಬೇಗ ವಾಸಿ ಆಗಲ್ಲ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಹೇಳದೇ ಇದ್ದಿದ್ದರೆ ಮತ್ತೆ ರಕ್ತ ಹೋಗ್ತಿದೆ ಅಂತ ಆಂಬುಲೆನ್ಸ್ ಕರೀತಿದ್ದೆ.

ಐದನೇ ದಿನಕ್ಕೆ ಬಾಯೆಲ್ಲಾ ತಗಡು ನೆಕ್ಕಿದ ಹಾಗೆ, ವಾಕರಿಕೆ, ಊಟ ಸೇರದು. ಹೊಟ್ಟೆ ಉರಿ ಪೂರ್ತಿ ಹೋಗಿತ್ತು. ಸಾಕು ಬಿಡು, ವಾಸಿ ಆಯ್ತು ಅಂದೆ. ನನ್ನ ಹೆಂಡತಿ ಅಂದಳು: "ಅವರೆಕಾಯಿಗೆ ಔಷಧಿ ಹೊಡೆಯುವಾಗ ಅರ್ಧ ಹೊಲಕ್ಕೆ ಹೊಡೆದು ಮನೆಗೆ ಬರ್ತೀರಾ? ಉಳಿದ ಹುಳ ಏನು ಮಾಡುತ್ತೆ?"

ಉಳಿದ ಹುಳ ಏನು ಮಾಡುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಮುಂದಿನ ವರ್ಷ ಅದೇ ಔಷಧಿಯಲ್ಲಿ ಸ್ನಾನ ಮಾಡಿ ನಗುತ್ತೆ. ಬ್ಯಾಕ್ಟೀರಿಯಾನೂ ಅಷ್ಟೇ. ಶೀತ ಜ್ವರಕ್ಕೆಲ್ಲ ಅಂಗಡಿಯಿಂದ ಮೂರು ದಿನದ ಆಂಟಿಬಯಾಟಿಕ್ ನುಂಗಿ ನುಂಗಿ, ಹುಣ್ಣಿಗೆ ಕೊಡ್ತಿದ್ದ ಕೆಲವು ಹಳೇ ಔಷಧಿ ನಮ್ಮ ದೇಶದಲ್ಲಿ ಈಗ ಸರಿಯಾಗಿ ಕೆಲಸ ಮಾಡ್ತಿಲ್ಲ. ಅದಕ್ಕೇ ಈ ನಾಲ್ಕು ಮಾತ್ರೆಯ ಕಷ್ಟದ ಕೋರ್ಸು. ಹದಿನಾಲ್ಕೂ ದಿನ ಮುಗಿಸಿದೆ.

ಮುಗಿದ ಮೇಲೂ ಕೆಲಸ ಇದೆ. ಹೋಗಿದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಆಂಟಿಬಯಾಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು, ಆಸಿಡ್ ಮಾತ್ರೆ ಡಾಕ್ಟರನ್ನ ಕೇಳಿ ಎರಡು ವಾರ ಬಿಟ್ಟಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಅಡಗಿಕೊಂಡು, ಇಲ್ಲ ಅಂತ ಸುಳ್ಳು ವರದಿ ಬರುತ್ತೆ. ಮಲದ ಪರೀಕ್ಷೆ ಸಾಕು, ಉಸಿರು ಊದಿಸಿಕೊಂಡು ನೋಡೋದೂ ಇದೆ. ನನ್ನದು ಹೋಗಿತ್ತು. ಡೈಕ್ಲೋಫೆನಾಕ್ ಅವತ್ತಿಂದ ಮುಟ್ಟಿಲ್ಲ. ಸೊಂಟ ಇನ್ನೂ ನೋಯುತ್ತೆ, ಸುಳ್ಳು ಹೇಳಲ್ಲ. ಬಿಸಿನೀರು, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ, ತೀರಾ ಆಗದಿದ್ದಾಗ ಪ್ಯಾರಾಸಿಟಮಾಲ್. ಅದು ಹೇಳಿದ ಅಳತೆಯಲ್ಲಿ ತಗೊಂಡರೆ ಹೊಟ್ಟೆಗೆ ಗಾಯ ಮಾಡಲ್ಲ. ಅಳತೆ ಮೀರಿದರೆ, ಕುಡಿಯೋ ಚಟ ಇದ್ದರೆ, ಲಿವರಿಗೆ ಕಷ್ಟ.

ಒಂದು ಎಚ್ಚರಿಕೆ. ಹಾರ್ಟಿಗೆ ಅಂತ ಡಾಕ್ಟರು ಆಸ್ಪಿರಿನ್ ಬರೆದುಕೊಟ್ಟಿದ್ದರೆ ಇದನ್ನ ಓದಿ ನೀವೇ ನಿಲ್ಲಿಸಬೇಡಿ. ಅವರನ್ನೇ ಕೇಳಿ.

ಆ ಅಕ್ಕನ ಮಾತು

ಈಗ ನಾನು ಬರೆಯೋಕೆ ಹಿಂಜರೀತಿದ್ದ ವಿಷಯ.

ನಮ್ಮ ಹೊಲಕ್ಕೆ ಹತ್ತು ವರ್ಷದಿಂದ ಕೂಲಿಗೆ ಬರ್ತಿದ್ದ ಒಬ್ಬ ಅಕ್ಕ ಇದ್ದಾರೆ. ಎರಡು ವರ್ಷದಿಂದ ಅವರಿಗೆ ಸುಸ್ತು. ನಾಲ್ಕು ಸಾಲು ಕೊಯ್ದರೆ ಏದುಸಿರು. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಹೆಂಗಸರಿಗೆ ರಕ್ತ ಕಮ್ಮಿ ಇರೋದು ನಮಗೆ ಸುದ್ದಿನೇ ಅಲ್ಲ, ಇನ್ನೊಂದು ಸ್ಟ್ರಿಪ್ ಕೊಟ್ಟು ಕಳಿಸ್ತೀವಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ನಾನು ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಹೆಂಡತಿ ಬಲವಂತ ಮಾಡಿ ಅವರನ್ನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಜಠರದಲ್ಲಿ ಹುಣ್ಣು ಇತ್ತು. ಧಾರಾಕಾರ ಏನಲ್ಲ, ತೊಟ್ಟು ತೊಟ್ಟು. ಡ್ರಿಪ್ ಪೈಪಿನ ಹಾಗೆ ದಿನಾ ಒಂದಿಷ್ಟು ರಕ್ತ ಹೋಗ್ತಾನೇ ಇತ್ತು. ಮೇಲಿಂದ ಕಬ್ಬಿಣ ಸುರಿದರೆ ಏನು ಬಂತು? ಜಠರದ ಹುಣ್ಣಾಗಿದ್ದಕ್ಕೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡೋಕೆ ಚೂರು ತೆಗೆದು ಪರೀಕ್ಷೆ ಮಾಡಿದರು, ಎರಡು ತಿಂಗಳಿಗೆ ಮತ್ತೆ ಎಂಡೋಸ್ಕೋಪಿ ಮಾಡಿ ವಾಸಿ ಆಗಿದೆ ಅಂದರು. ಅವರಿಗೆ ಬ್ಯಾಕ್ಟೀರಿಯಾ ಇರಲಿಲ್ಲ. ಬರೀ ನೋವಿನ ಮಾತ್ರೆ.

ನೋಡೋಕೆ ಹೋದಾಗ ದೊಡ್ಡ ಮನುಷ್ಯನ ಹಾಗೆ ಕೇಳಿದೆ, "ಯಾಕಕ್ಕ, ಆ ಮಾತ್ರೆ ಅಷ್ಟೊಂದು ಯಾಕೆ ನುಂಗಿದ್ರಿ?"

"ನೀವೇ ಕೊಡ್ತಿದ್ರಲ್ಲಣ್ಣ" ಅಂದರು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭ ಆಗ್ತಿತ್ತು.

ನಾನು ಒಬ್ಬನೇ ಅಲ್ಲ, ಅವರು ಕೂಲಿಗೆ ಹೋಗೋ ಪ್ರತಿ ಹೊಲದಲ್ಲೂ ಕೊಡ್ತಾರೆ. ರಾಗಿ ಮುಗಿದರೆ ಹುರುಳಿ, ಹುರುಳಿ ಆದರೆ ಕೊಬ್ಬರಿ ಸುಲಿಯೋದು. ನಾವು ಒಬ್ಬೊಬ್ಬ ಯಜಮಾನ ವರ್ಷಕ್ಕೆ ನಾಲ್ಕು ಮಾತ್ರೆ ಕೊಟ್ಟೆವು ಅಂದ್ಕೊಂಡಿರ್ತೀವಿ. ಅವರ ಹೊಟ್ಟೆಗೆ ಎಲ್ಲಾ ಹೊಲದ ಲೆಕ್ಕ ಸೇರುತ್ತೆ. ಒಂದು ದಿನ ಸೊಂಟ ಹಿಡಿದು ಮಲಗಿದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಸಂಘದ ಕಂತು ಕಟ್ಟೋಕಾಗಲ್ಲ. ನಾವು ಕೊಡೋ ಮಾತ್ರೆ ಅವರ ನೋವಿಗಲ್ಲ, ನಮ್ಮ ರಾಗಿ ಸಂಜೆಯೊಳಗೆ ಮುಗೀಲಿ ಅಂತ. ಇದನ್ನ ಒಪ್ಪಿಕೊಳ್ಳೋಣ.

ಇನ್ನೊಂದು ಹೇಳ್ತೀನಿ. ಇದೇ ಡೈಕ್ಲೋಫೆನಾಕ್ ದನಕ್ಕೆ ಕೊಡೋದನ್ನ 2006ರಲ್ಲೇ ಸರ್ಕಾರ ನಿಲ್ಲಿಸಿತು. ಔಷಧಿ ತಗೊಂಡು ಸತ್ತ ದನ ತಿಂದು ರಣಹದ್ದುಗಳ ಮೂತ್ರಪಿಂಡ ಹಾಳಾಗಿ ದೇಶದ ತುಂಬಾ ಸತ್ತವು. ರಾಮನಗರದ ಬೆಟ್ಟದಲ್ಲಿ ಉಳಿದಿರೋ ಬೆರಳೆಣಿಕೆಯ ಹದ್ದುಗಳಿಗೆ ಅಭಯಾರಣ್ಯನೇ ಮಾಡಿದ್ದಾರೆ. ಒಳ್ಳೆಯದೇ ಮಾಡಿದರು. ಮನುಷ್ಯನಿಗೂ ನಿಷೇಧ ಮಾಡಿ ಅಂತ ನಾನು ಹೇಳ್ತಿಲ್ಲ, ಡಾಕ್ಟರು ನೋಡಿ ಕೆಲವೇ ದಿನಕ್ಕೆ ಕೊಟ್ಟರೆ ಅದು ಉಪಯೋಗದ ಔಷಧಿ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅನ್ನೋ ಕಾನೂನೂ ಇದೆ. ಹದ್ದಿಗೆ ಮಾಡಿದ ಕಾನೂನಿಗೆ ಕೊಟ್ಟ ಬೆಲೆಯಲ್ಲಿ ಅರ್ಧ ಇದಕ್ಕೂ ಕೊಡಿ ಅಂತೀನಿ.

ನಾನು ಕೇಳೋದು ಇಷ್ಟು

ಹೊಲದ ಯಜಮಾನರೇ, ಮಾತ್ರೆ ಹಂಚೋದನ್ನ ಇವತ್ತೇ ನಿಲ್ಲಿಸಿ. ಟೀ ಕೊಡಿ, ಮಜ್ಜಿಗೆ ಕೊಡಿ, ಅರ್ಧ ಗಂಟೆ ಜಾಸ್ತಿ ನೆರಳು ಕೊಡಿ. ಮೂಟೆಗೆ ಇಬ್ಬರನ್ನ ಹಾಕಿ. ನಾನು ಈ ಸಲ ಹಾಗೇ ಮಾಡಿದೆ, ಕೊಯ್ಲು ಒಂದೂವರೆ ದಿನ ಜಾಸ್ತಿ ಆಯ್ತು. ರಾಗಿ ಏನೂ ಓಡಿ ಹೋಗಲಿಲ್ಲ.

ಮೆಡಿಕಲ್ ಅಂಗಡಿಯವರೇ, ನೀವು ನಮ್ಮೂರಿನವರೇ, ನಿಮ್ಮ ಹೊಟ್ಟೆಪಾಡೂ ಗೊತ್ತು. ಆದರೂ ಚೀಟಿ ಕೇಳಿ. ಹೆಸರಿಲ್ಲದ ತುಂಡು ಕತ್ತರಿಸಿ ಕೊಡಬೇಡಿ. ಅದೇ ಮುಖ ತಿಂಗಳಿಗೆ ನಾಲ್ಕು ಸಲ ಸೊಂಟಕ್ಕೆ ಅಂತ ಬಂದರೆ ಆಸ್ಪತ್ರೆಗೆ ಹೋಗಪ್ಪ ಅನ್ನಿ.

ಡಾಕ್ಟರುಗಳೇ, "ಏನೂ ಇಲ್ಲ, ಗ್ಯಾಸ್" ಅಂತ ನೀವೂ ಹೇಳಬೇಡಿ. ಮಾತ್ರೆ ತಗೊಳ್ತೀರಾ ಅಂತ ಮಾತ್ರ ಕೇಳಿದರೆ ನಾವು ಇಲ್ಲ ಅಂತೀವಿ. ಸೊಂಟಕ್ಕೆ, ತಲೆಗೆ, ಮಂಡಿಗೆ ಏನು ನುಂಗ್ತೀರಿ ಅಂತ ಕೇಳಿ.

ಇನ್ನು ನಾವೆಲ್ಲರೂ ಗಮನಿಸಬೇಕಾದ್ದು. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯ ಹಾಗೆ ಬಂದರೆ, ಅವತ್ತೇ ಆಸ್ಪತ್ರೆ. ಹೊಟ್ಟೆ ಇದ್ದಕ್ಕಿದ್ದ ಹಾಗೆ ಚಾಕು ಹಾಕಿದಂತೆ ನೋವಾಗಿ ಹಲಗೆಯ ಹಾಗೆ ಗಟ್ಟಿ ಆದರೆ ಹುಣ್ಣು ತೂತಾಗಿರಬಹುದು, ಆಪರೇಷನ್ ಬೇಕು. ಎಣ್ಣೆ ಹಚ್ಚಿ ತಿಕ್ಕುತ್ತಾ, ಸೋಡಾ ಕುಡಿಸುತ್ತಾ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ. ತೂಕ ಇಳೀತಿದ್ದರೆ, ನುಂಗೋಕೆ ಕಷ್ಟ ಆದರೆ, ಕಾರಣ ಇಲ್ಲದೆ ರಕ್ತ ಕಮ್ಮಿ ಆಗ್ತಿದ್ದರೆ, ವಾರದೊಳಗೆ ತೋರಿಸಿ. ಹೊಟ್ಟೆ ಉರಿ ತಿಂಗಳುಗಟ್ಟಲೆ ಬಿಡದಿದ್ದರೆ ಬ್ಯಾಕ್ಟೀರಿಯಾ ಪರೀಕ್ಷೆ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ. ಕೇಳೋಕೆ ಎಸ್ಸೆಸ್ಸೆಲ್ಸಿನೂ ಬೇಕಾಗಿಲ್ಲ.

ಮೊನ್ನೆ ಪಕ್ಕದ ಹೊಲದ ಯಜಮಾನನ ಹತ್ತಿರ ಹೋಗಿ ಇದೆಲ್ಲಾ ಹೇಳಿದೆ. "ಸುಮ್ನಿರಣ್ಣ, ನೀನೂ ಹಂಚ್ತಿದ್ದೆ" ಅಂದ. ಹೌದು ಕಣಪ್ಪ, ಅದಕ್ಕೇ ಹೇಳ್ತಿರೋದು ಅಂದೆ. ಮಾತಾಡದೆ ಕವರ್ ಮಡಿಸಿ ಜೇಬಿಗೆ ಹಾಕ್ಕೊಂಡ. ನಾಳೆ ಅವನ ಹೊಲದಲ್ಲಿ ಮತ್ತೆ ಕೊಯ್ಲು ಇದೆ. ಹನ್ನೊಂದು ಗಂಟೆ ಟೀ ಹೊತ್ತಿಗೆ ನಾನೂ ಆ ಕಡೆ ಹೋಗ್ತೀನಿ.

ಮುಂದಿನ ವಾರ ತೆಂಗಿನ ಬುಡದ ಮುಚ್ಚಿಗೆ.